ನಮಗೆ ಮಾಡಿಕೊಟ್ಟ ಜಾಗ

ನೇಪಾಳಕ್ಕೆ ಹೋಗಿ ಬಂದವರು ಹಿಮದ ಬೆಟ್ಟಗಳ ಬಗ್ಗೆ ಹೇಳುತ್ತಾರೆ. ನನಗೆ ನೆನಪಿರುವುದು ಗಾಡಿಗಳು. ಯಾವ ಗಾಡಿಯಲ್ಲಿ ಯಾರು ಕೂತರು, ಯಾವ ಸಾಮಾನು ಎಲ್ಲಿಂದ ಎಲ್ಲಿಗೆ ಹೋಯಿತು, ಅದು ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ನಾನು ಹಿಂದಿ ಟೀಚರ್. ನಂಜನಗೂಡಿನಲ್ಲಿ ಮನೆ, ಟಿ. ನರಸೀಪುರದ ರಸ್ತೆಯಲ್ಲಿರುವ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಕೆಲಸ. ಅದೇ ಸ್ಕೂಲಿನಲ್ಲಿ ಗಣಿತ ಹೇಳುವ ಗೆಳತಿಯೂ ನಂಜನಗೂಡಿನವಳು. ತವರು ಕಳಲೆ ಕಡೆ, ಗಂಡನ ಮನೆಯವರದು ದಿನಸಿಯ ಹೋಲ್‌ಸೇಲ್ ವ್ಯಾಪಾರ. ಬೆಳಗಿನ ಬಸ್ಸಿಗೆ ಇಬ್ಬರಲ್ಲಿ ಯಾರು ಮೊದಲು ಹತ್ತಿದರೂ ಇನ್ನೊಬ್ಬರಿಗೆ ಬ್ಯಾಗಿಟ್ಟು ಸೀಟು ಹಿಡಿಯುತ್ತಿದ್ದೆವು. ಅವಳ ಅತ್ತೆಯ ಕಿರಿಕಿರಿ, ನನ್ನ ಗಂಡನ ವರ್ಗಾವಣೆ, ಇಬ್ಬರ ಮಕ್ಕಳ ಮಾರ್ಕ್ಸು, ಎಲ್ಲವೂ ಆ ಬಸ್ಸಿನಲ್ಲೇ ಮಾತಾಗಿ ಮುಗಿಯುತ್ತಿದ್ದವು. ಅವಳ ಮನೆಗೆ ನಾನು ಹೋದದ್ದು ಕಡಿಮೆ. ಹೋದಾಗಲೂ ಹಜಾರದಲ್ಲೇ ಕೂತು ಕಾಫಿ ಕುಡಿದು ಬಂದಿದ್ದೆ. ಆಗ ಅದು ನನಗೆ ವಿಶೇಷ ಅನ್ನಿಸಿರಲಿಲ್ಲ.

ಹೋದ ವರ್ಷ ದಸರಾ ರಜೆಗೆ ಮುಂಚೆ ಅವಳೇ ಕೇಳಿದಳು.

"ನಮ್ಮ ಭಾವ ಎಲ್ಲರನ್ನೂ ನೇಪಾಳಕ್ಕೆ ಕರ್ಕೊಂಡು ಹೋಗ್ತಿದಾರೆ ಕಣೇ. ಪಶುಪತಿನಾಥ, ಮುಕ್ತಿನಾಥ, ಎಲ್ಲ ಆಗತ್ತೆ. ನೀನೂ ಬಾ. ಲುಂಬಿನಿನೂ ಇದೆ ಪ್ಲಾನ್‌ನಲ್ಲಿ. ಅಮ್ಮನ್ನೂ ಕರ್ಕೊಂಡು ಬಾ. ಅವರಿಗೆ ನೋಡೋ ಆಸೆ ಅಂತಿದ್ಯಲ್ಲ."

ಆಸೆ ಇದ್ದದ್ದು ನಿಜ. ನಮ್ಮ ಊರು ಟಿ. ನರಸೀಪುರದ ಆಚೆ, ನಾಲೆ ಬಯಲಿನಲ್ಲಿದೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಕೇರಿಯ ಸುಮಾರು ಮನೆಗಳವರು ಬುದ್ಧನನ್ನು ಒಪ್ಪಿಕೊಂಡರು. ಹುಣ್ಣಿಮೆಯ ದಿನ ಹುಡುಗರು ಸೇರಿ ಪಂಚಶೀಲ ಹೇಳುತ್ತಾರೆ. ಅವ್ವನಿಗೆ ಆ ಮಾತುಗಳು ಬಾಯಿಗೆ ಬರುವುದಿಲ್ಲ, ಕೈಮುಗಿದು ಕೂರುತ್ತಾಳೆ. ಅವಳಿಗೆ ಬುದ್ಧನಿಗಿಂತ ಅವನ ತಾಯಿಯ ಮೇಲೆ ಕುತೂಹಲ. ತವರಿಗೆ ಹೊರಟ ಬಸುರಿ ಹೆಂಗಸು ದಾರಿಯಲ್ಲೇ, ಮರದ ಕೊಂಬೆ ಹಿಡಿದು ನಿಂತು ಹೆತ್ತಳು ಅನ್ನುವ ಕಥೆ ಕೇಳಿದಾಗಿನಿಂದ ಆ ಜಾಗ ನೋಡಬೇಕು ಅನ್ನುತ್ತಿದ್ದಳು.

"ದಿನ ತುಂಬಿದೋಳ ಒಬ್ಳೇ ಯಾಕ ಕಳ್ಸಿದ್ರು? ಯಾವ ಗಾಡೀಲಿ ಒಂಟಿದ್ಳು? ಎತ್ತಿನ ಗಾಡಿ ಕುಲುಕಿರ್ಬೇಕು ಬುಡು," ಎಂದು ತನ್ನಷ್ಟಕ್ಕೆ ತಾನೇ ತೀರ್ಮಾನ ಮಾಡಿದ್ದಳು. ಪಲ್ಲಕ್ಕಿ ಅಂತಾರವ್ವ ಎಂದರೆ ನಂಬಲಿಲ್ಲ.

ವಯಸ್ಸಿನಲ್ಲೆಲ್ಲ ಕೆಸರು ಗದ್ದೆಯಲ್ಲಿ ನಾಟಿ ಹಾಕಿ, ಕಳೆ ಕಿತ್ತು ಅವ್ವನ ಮಂಡಿಗಳು ಹೋಗಿವೆ. ಹೆಚ್ಚು ಹೊತ್ತು ಕಾಲು ಮಡಿಸಿ ಕೂರುವುದಕ್ಕಾಗುವುದಿಲ್ಲ. ಅದನ್ನು ಹೇಳಿದೆ.

"ಮುಂದಿನ ಸೀಟು ಅಮ್ಮನಿಗೇ. ನಾನು ಭಾವಂಗೆ ಹೇಳ್ತೀನಿ. ನಿನ್ನ ಹಿಂದಿ ಇಲ್ದೆ ಅವರಿಗೆ ಅಲ್ಲಿ ಒಂದು ಹೆಜ್ಜೆನೂ ಇಡಕ್ಕಾಗಲ್ಲ," ಎಂದು ನಕ್ಕಳು. ಆಮೇಲೆ ಸ್ವಲ್ಪ ತಡೆದು, "ಇನ್ನೊಂದು ಮಾತು. ಅತ್ತೆ ಏನಾದ್ರೂ ಊರು ಗೀರು ಕೇಳಿದ್ರೆ ಅಮ್ಮ ನಂಜನಗೂಡು ಅಂದ್ಬಿಡ್ಲಿ. ಅವರು ಹಳೇ ಕಾಲದೋರು. ಸುಮ್ನೆ ಯಾಕೆ," ಎಂದಳು.

ಆ ಮಾತನ್ನು ಅವ್ವನಿಗೆ ಯಾವ ಬಾಯಲ್ಲಿ ಹೇಳುವುದು? ಹೇಳಲಿಲ್ಲ. ನನ್ನ ಗಂಡನಿಗೆ ರಜೆ ಸಿಗಲಿಲ್ಲ. ಅವ್ವ ಮತ್ತು ನಾನು ಹೊರಟೆವು.

ರೈಲಿನಲ್ಲಿ ಅವ್ವನಿಗೂ ಗೆಳತಿಯ ಅತ್ತೆಗೂ ಎದುರುಬದುರು ಕೆಳಗಿನ ಬರ್ತು ಸಿಕ್ಕಿತ್ತು. ಇಬ್ಬರೂ ಒಂದೇ ವಯಸ್ಸಿನವರು, ಇಬ್ಬರಿಗೂ ಮಂಡಿ ನೋವು. ಮೊದಲ ದಿನ ಅವರ ಕೋಡುಬಳೆ ಡಬ್ಬ ನಮ್ಮ ಕಡೆಗೂ ಬಂತು. ಅವ್ವ ತಂದಿದ್ದ ಹುರಿಗಡಲೆ ಉಂಡೆಯನ್ನು ಅವರ ಮೊಮ್ಮಕ್ಕಳು ತಿಂದರು. ಮಧ್ಯಾಹ್ನದ ಊಟವಾದ ಮೇಲೆ ಆಕೆ ಕೇಳಿದರು.

"ಯಾವೂರಮ್ಮ ನಿಮ್ದು?"

ಅವ್ವ ಊರ ಹೆಸರು ಹೇಳಿದಳು.

"ಅಲ್ಲಿ ನಮ್ಮ ಪೈಕಿ ಮನೆಗಳಿವೆಯಲ್ಲ. ನಮ್ಮ ಯಜಮಾನ್ರು ಭತ್ತ ತಗೊಳ್ಳಕ್ಕೆ ಬರ್ತಿದ್ರು. ನಿಮ್ದು ಯಾವ ಬೀದಿ?"

"ನಾವು ಕೇರಿಯೋರು ಅಮ್ಮಾರೆ. ನಾಲೆ ಪಕ್ಕ."

ಅಡಗಿಸಬೇಕಾದ ಸಂಗತಿ ಎಂದು ಅವ್ವನಿಗೆ ಹೊಳೆಯಲೂ ಇಲ್ಲ. ಆಕೆ "ಓ, ಹೌದಾ" ಎಂದರು. ಕೆಟ್ಟ ಮಾತು ಆಡಲಿಲ್ಲ, ಮುಖ ಸಿಂಡರಿಸಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ ಕೂತರು. ಆದರೆ ಡಬ್ಬ ಮತ್ತೆ ನಮ್ಮ ಕಡೆ ಬರಲಿಲ್ಲ, ಮೊಮ್ಮಕ್ಕಳನ್ನು ಆ ಕಡೆಯ ಬರ್ತಿಗೆ ಕರೆದರು. ಮೇಲಿನ ಬರ್ತಿನಲ್ಲಿದ್ದ ಗೆಳತಿ ಪುಸ್ತಕ ಓದುತ್ತಿದ್ದಳು. ಅವಳು ಆ ಪುಟ ತಿರುಗಿಸಲು ತುಂಬ ಹೊತ್ತು ತಗೊಂಡಳು.

ಅವಳ ಭಾವನ ಬಗ್ಗೆ ಸುಳ್ಳು ಹೇಳಬಾರದು. ಗೋರಖ್‌ಪುರದಲ್ಲಿ ಇಳಿದಾಗ ಅವ್ವ ಮೆಟ್ಟಿಲು ಹತ್ತಲಾರದೆ ನಿಂತದ್ದನ್ನು ಕಂಡು ತಾವೇ ಓಡಿಹೋಗಿ ವೀಲ್‌ಚೇರ್ ತರಿಸಿದರು. ತಮ್ಮ ತಾಯಿಗೊಂದು, ಅವ್ವನಿಗೊಂದು.

"ಕೂತ್ಕೊಳ್ಳಿ ಅಮ್ಮ, ಸಂಕೋಚ ಬೇಡ," ಎಂದರು.

"ನೀವ್ ಯಾಕ್ ತೊಂದ್ರ ತಕ್ಕಂದ್ರಿ ಬುದ್ದಿ," ಎಂದಳು ಅವ್ವ.

'ಬುದ್ದಿ' ಎನ್ನುವುದು ನಮ್ಮ ಕಡೆ ಹಿಂದೆ ಕೂಲಿಯವರು ಗದ್ದೆಯ ಯಜಮಾನರಿಗೆ ಹೇಳುತ್ತಿದ್ದ ಮಾತು. ಅವ್ವನ ಬಾಯಿಂದ ಅದು ಹೋಗಿ ವರ್ಷಗಳಾಗಿದ್ದವು. ಬಿಹಾರ, ಉತ್ತರ ಪ್ರದೇಶದ ಜನ ಗಿಜಿಗುಟ್ಟುವ ಪ್ಲಾಟ್‌ಫಾರ್ಮಿನಲ್ಲಿ ಅದು ವಾಪಸು ಬಂತು. ಅವರಿಗೆ ಅದು ಕೇಳಿದ ಹಾಗೇ ಕಾಣಲಿಲ್ಲ.

ಗಡಿ ದಾಟಿ ಭೈರಹವಾ ಸೇರುವಾಗ ಸಂಜೆಯಾಗಿತ್ತು. ರೈಲು ತಡವಾಗಿದ್ದರಿಂದ ಅರ್ಧ ದಿನ ಕೈತಪ್ಪಿತ್ತು. ಹೋಟೆಲಿನ ಅಂಗಳದಲ್ಲಿ ಕುರ್ಚಿ ಹಾಕಿಸಿ ಭಾವ ಎಲ್ಲರನ್ನೂ ಕೂರಿಸಿದರು. ಮುಂದೆ ಹೇಗೆ ಹೋಗುವುದು ಅನ್ನುವುದು ಪ್ರಶ್ನೆ. ವಿಚಾರಿಸುವ ಕೆಲಸ ನನ್ನದು. ಹೋಟೆಲಿನವರನ್ನು, ಗಾಡಿ ಮಾಲೀಕರನ್ನು ಕೇಳಿ ಬಂದು ಹೇಳಿದೆ. ಪೋಖರಾಕ್ಕೆ ದಿನವೂ ಬಸ್ಸಿದೆ, ಆದರೆ ಅಲ್ಲೂ ದಸರೆ, ಊರಿಗೆ ಹೋಗುವ ಜನ ತುಂಬಿರುತ್ತಾರೆ. ಟೂರಿಸ್ಟ್ ಬಸ್ಸಿನಲ್ಲಿ ಸೀಟು ಇಲ್ಲ. ಜೀಪು ಸಿಗುತ್ತದೆ, ಬೆಟ್ಟದ ದಾರಿಗೆ ಅದೇ ಒಳ್ಳೆಯದು ಅನ್ನುತ್ತಾರೆ.

"ಬಸ್ಸಿಗೆ ಆಡು ಕುರಿ ಹತ್ತಿಸ್ತಾರಂತೆ ಹಬ್ಬಕ್ಕೆ ಕಡಿಯಕ್ಕೆ. ಅದು ಬೇಡವೇ ಬೇಡ," ಎಂದರು ಅತ್ತೆ.

"ಜೀಪೇ ಮಾಡಣ. ನಮ್ಮ ಗಾಡಿ ಇದ್ರೆ ನಮ್ಮಿಷ್ಟ ಬಂದಲ್ಲಿ ನಿಲ್ಲಿಸ್ಕೋಬಹುದು," ಎಂದರು ಭಾವ. "ಮೇಡಂ, ಮೂರು ಗಾಡಿಗೆ ಮಾತಾಡಿ. ಬೆಳಿಗ್ಗೆನೇ ಹೊರಟುಬಿಡಣ. ಸೋಮವಾರ ಕಾಠ್ಮಂಡುನಲ್ಲಿ ಪಶುಪತಿನಾಥನ ದರ್ಶನ ಆಗ್ಬೇಕು, ಅದಕ್ಕೆ ಲೆಕ್ಕ ಹಾಕಿದೀನಿ."

"ಲುಂಬಿನಿ ಇಲ್ಲಿಂದ ಹತ್ತಿರವಂತೆ. ಬೆಳಿಗ್ಗೆ ಅಲ್ಲಿಗೆ ಹೋಗಿ ಆಮೇಲೆ ಹೊರಟರೆ..." ಎಂದೆ.

"ವಾಪಸ್ ಬರೋದೂ ಇದೇ ದಾರಿ ಅಲ್ವಾ ಮೇಡಂ. ಆಗ ನಿಧಾನವಾಗಿ ನೋಡಣ."

ಸರಿ ಅನ್ನಿಸಿತು. ಗಾಡಿ ಮಾಲೀಕನ ಜೊತೆ ಚೌಕಾಸಿ ಮಾಡಿದವಳು ನಾನೇ. ಡ್ರೈವರುಗಳ ಊಟ, ಬೆಟ್ಟದ ಮೇಲೆ ಗಾಡಿ ಕೆಟ್ಟರೆ ಏನು, ಎಲ್ಲ ಬಿಡಿಸಿ ಕೇಳಿದೆ. ಒಂದು ಗಾಡಿಯ ಮುಂದಿನ ಸೀಟು ಕಾಲು ಚಾಚುವ ಹಾಗಿರಬೇಕು, ವಯಸ್ಸಾದವರಿದ್ದಾರೆ ಎಂದೆ. ಭಾವ ಬೆನ್ನ ಹಿಂದೆ ನಿಂತು, "ನೀವಿಲ್ದಿದ್ರೆ ಇವರು ನಮ್ಮನ್ನ ಮಾರಿಬಿಡ್ತಿದ್ರು," ಎಂದು ಹೊಗಳಿದರು.

ನಂಜನಗೂಡಿನಿಂದ ಅಡುಗೆಯವನೊಬ್ಬ ನಮ್ಮ ಜೊತೆ ಬಂದಿದ್ದ. ಅಕ್ಕಿ, ಬೇಳೆ, ರಾಗಿ ಹಿಟ್ಟು, ಗ್ಯಾಸ್ ಒಲೆ, ಪಾತ್ರೆಗಳು, ಎಲ್ಲ ಅವನ ವಶ. ಬೆಳಿಗ್ಗೆ ನಾವು ಬ್ಯಾಗು ಹಿಡಿದು ಕೆಳಗಿಳಿಯುವಾಗ ಮೂರನೆಯ ಜೀಪಿನಲ್ಲಿ ಅವೆಲ್ಲ ತುಂಬಿ ಆಗಿತ್ತು. ಅಡುಗೆಯವನು ಒಳಗೆ ಕೂತು ಬೀಡಾ ಅಗಿಯುತ್ತಿದ್ದ. ಮೊದಲೆರಡು ಜೀಪುಗಳಲ್ಲಿ ಗೆಳತಿಯ ಮನೆಯವರು ಹತ್ತುತ್ತಿದ್ದರು. ಮೊದಲ ಜೀಪಿನ ಮುಂದಿನ ಸೀಟಿನಲ್ಲಿ ಅತ್ತೆ ಕೂತಿದ್ದರು. ಎರಡನೆಯದರ ಮುಂದಿನ ಸೀಟು ಖಾಲಿಯಿತ್ತು. ಅವ್ವನ ಕೈ ಹಿಡಿದು ಆ ಕಡೆ ಹೊರಟೆ.

"ಮೇಡಂ, ಒಂದ್ನಿಮಿಷ," ಎಂದು ಭಾವ ಅಡ್ಡ ಬಂದರು. ಅತ್ತೆಯ ಕಿಟಕಿಯ ಹತ್ತಿರ ಹೋಗಿ ಬಗ್ಗಿ ಏನೋ ಕೇಳಿಸಿಕೊಂಡರು. ಬಂದು ಅಡುಗೆಯವನನ್ನು ಕರೆದರು. ಆಮೇಲೆ ನಡೆದದ್ದು ಇಷ್ಟು. ಮೂರನೆಯ ಜೀಪಿನಿಂದ ಅಕ್ಕಿ ಮೂಟೆ ಇಳಿಯಿತು. ಹಿಟ್ಟಿನ ಚೀಲ ಇಳಿಯಿತು. ಒಲೆ, ಕುಕ್ಕರು, ನೀರಿನ ಕ್ಯಾನು, ಕೊನೆಗೆ ಲೋಟಗಳ ಬುಟ್ಟಿಯೂ ಇಳಿಯಿತು. ಡ್ರೈವರುಗಳು ಗೊಣಗುತ್ತಾ ಅವನ್ನು ಮುಂದಿನ ಜೀಪುಗಳ ತಲೆಯ ಮೇಲೆ ಹಗ್ಗ ಹಾಕಿ ಕಟ್ಟಿದರು. ಮೇಲಿದ್ದ ಸೂಟ್‌ಕೇಸು, ಹಾಸಿಗೆ ಸುರುಳಿ, ಚಪ್ಪಲಿ ಚೀಲಗಳು ಮೂರನೆಯದಕ್ಕೆ ಬಂದವು. ಅಡುಗೆಯವನು ಎರಡನೆಯ ಜೀಪಿನ ಹಿಂದೆ ಮಕ್ಕಳ ಮಧ್ಯೆ ತೂರಿಕೊಂಡ.

"ಈಗ ಬನ್ನಿ ಅಮ್ಮ. ಮುಂದಿನ ಸೀಟು, ಇಡೀ ಗಾಡಿ, ಎಲ್ಲ ನಿಮ್ದೇ. ಕಾಲು ಚಾಚ್ಕೊಂಡು ಬನ್ನಿ. ನಿಮಗೆ ಜಾಗ ಆಗ್ಲಿ ಅಂತ್ಲೇ ಖಾಲಿ ಮಾಡಿಸ್ದೆ," ಎಂದರು ಭಾವ.

ಮಂಡಿ ನೋಯುವ ಮುದುಕಿಗೆ ಇಡೀ ಜೀಪು ಬಿಟ್ಟುಕೊಟ್ಟವರನ್ನು ಯಾವ ಬಾಯಲ್ಲಿ ಬೈಯುವುದು? ನನ್ನದೇ ತಪ್ಪು ಗ್ರಹಿಕೆ ಇರಬಹುದು ಎಂದು ಒಂದು ಗಳಿಗೆ ಅನ್ನಿಸಿತು. ಗೆಳತಿ ಕಿಟಕಿಯ ಹತ್ತಿರ ಬಂದಳು.

"ನೋಡೇ, ಎಷ್ಟು ಆರಾಮ ನಿಮಗೆ. ನಾವಲ್ಲಿ ಒಬ್ಬರ ಮೇಲೊಬ್ಬರು ಕೂತಿದೀವಿ."

"ನೀನೂ ಬಾ ಹಾಗಾದ್ರೆ. ಇಷ್ಟೊಂದು ಜಾಗ ಇದೆಯಲ್ಲ."

ಅವಳು ಮೊದಲ ಜೀಪಿನ ಕಡೆ ನೋಡಿದಳು. "ಅತ್ತೆಗೆ ಒಬ್ರೇ ಆಗಲ್ಲ ಕಣೇ," ಎಂದು ಹೋದಳು. ಆ ಜೀಪಿನಲ್ಲಿ ಅವರ ಮಗ, ಮಗಳು, ಅಳಿಯ, ಎಲ್ಲರೂ ಇದ್ದರು.

ಊರು ಬಿಟ್ಟು ಬೆಟ್ಟ ಹತ್ತತೊಡಗಿದೆವು. ಮುಂದೆ ಎರಡು ಜೀಪುಗಳ ತಲೆಯ ಮೇಲೆ ಪಾತ್ರೆ ಮೂಟೆಗಳು ತಿರುವಿನಲ್ಲಿ ವಾಲಾಡುವುದನ್ನೇ ಅವ್ವ ನೋಡುತ್ತಿದ್ದಳು. ಕುಸಿದ ಗುಡ್ಡದ ಮಣ್ಣು ರಸ್ತೆಯ ಮೇಲೆ ಹರಡಿತ್ತು, ಕೆಳಗೆ ನದಿ. ನಾನು ಹಿಂದಿನ ಸೀಟಿನಲ್ಲಿ, ನನ್ನ ಪಕ್ಕದಲ್ಲಿ ಅವರ ಚಪ್ಪಲಿಗಳ ಚೀಲ.

"ನಾ ಜಾಗ ಕೇಳ್ನಿಲ್ವಲ್ಲ ಕೂಸೇ," ಎಂದಳು ಅವ್ವ, ಹಿಂದೆ ತಿರುಗದೆ.

"ನಾನೇ ಕೇಳಿದ್ದೆ ಕಣವ್ವ, ಮುಂದಿನ ಸೀಟು."

"ಅದಲ್ಲ ನಾ ಯೋಳದು. ಅಕ್ಕಿ ಮೂಟೆ ಇದ್ದಿದ್ರ ನಾ ಎಲ್ಲಿ ಕುಂತ್ಕತಿದ್ದಿ? ಇಲ್ಲೇ ಕುಂತ್ಕತಿದ್ದಿ. ಅದು ಇಂದಗಡ ಇರದು, ನಾ ಮುಂದಗಡ ಕೂರದು. ಅದುನ್ ಇಳ್ಸಿ ನಂಗೇನ್ ಜಾಗ ಆಯ್ತು?"

ಉತ್ತರ ಅವಳಿಗೂ ಗೊತ್ತಿತ್ತು. ಮತ್ತೆ ಆ ಮಾತೆತ್ತಲಿಲ್ಲ. ಡ್ರೈವರು ಕ್ಯಾಸೆಟ್ಟಿನ ಕಾಲದ ಯಾವುದೋ ಹಾಡು ಹಾಕಿದ. ದಾರಿಯುದ್ದಕ್ಕೂ ಅರ್ಧ ಖಾಲಿ ಜೀಪು ಗಡಗಡ ಸದ್ದು ಮಾಡಿತು.

ಪೋಖರಾದಲ್ಲಿ ಎರಡು ದಿನ. ಕೆರೆ ನೋಡಿದೆವು, ಬೆಳಗಿನ ಹೊತ್ತು ಬೆಟ್ಟದ ತುದಿ ಬಿಸಿಲಿಗೆ ಕೆಂಪಾಗುವುದನ್ನು ನೋಡಿದೆವು. ಅವ್ವ ಅದನ್ನು ತುಂಬ ಹೊತ್ತು ನೋಡಿದಳು. ಗೆಳತಿಯ ಮನೆಯವರು ಎರಡನೆಯ ದಿನ ಸಂಜೆ ಮತ್ತೆ ಕುರ್ಚಿ ಹಾಕಿ ಸಭೆ ಕೂತರು. ಮುಕ್ತಿನಾಥಕ್ಕೆ ಜೀಪಿನಲ್ಲಿ ಹೋಗುವುದಾದರೆ ರಸ್ತೆ ಕೆಟ್ಟಿದೆ, ಚಿಕ್ಕ ವಿಮಾನದಲ್ಲಿ ಹೋಗುವುದಾದರೆ ಮೋಡ ಬಂದರೆ ಹಾರುವುದಿಲ್ಲ. ಚರ್ಚೆ ಅಲ್ಲಿಂದ ಎಲ್ಲಿಗೋ ಹೋಯಿತು. ಭಾವ ನನ್ನ ಕೈಗೆ ಫೋನು ಕೊಟ್ಟರು.

"ಮೇಡಂ, ಈ ಟಿಕೆಟ್ ಏಜೆಂಟ್ ಹತ್ರ ಸ್ವಲ್ಪ ಮಾತಾಡಿ. ಕಾಠ್ಮಂಡುವಿಂದ ಬೆಂಗಳೂರಿಗೆ ಎಲ್ಲರಿಗೂ ಸೀಟಿದೆಯಾ ಕೇಳಿ."

"ಬೆಂಗಳೂರಿಗೆ ಯಾಕೆ? ವಾಪಸ್ ಭೈರಹವಾ, ಗೋರಖ್‌ಪುರ ಅಲ್ವಾ?"

"ಆ ರಸ್ತೆಲಿ ಇನ್ನೊಂದು ಸಲ ಬೇಡ ಅಂತಿದಾರೆ ನಮ್ಮಮ್ಮ. ವಿಮಾನ ಆದ್ರೆ ಒಂದೇ ದಿನಕ್ಕೆ ಊರು. ರೈಲು ಟಿಕೆಟ್ ಕ್ಯಾನ್ಸಲ್ ಮಾಡಣ."

ಫೋನಿನಲ್ಲಿ ಏಜೆಂಟು ಹಲೋ ಹಲೋ ಅನ್ನುತ್ತಿದ್ದ. "ಲುಂಬಿನಿ?" ಎಂದೆ.

"ಅಲ್ಲಿ ಏನಿದೆ ಮೇಡಂ? ನಾನು ನೆಟ್ಟಲ್ಲಿ ನೋಡ್ದೆ. ಒಂದು ಕಲ್ಲು, ಒಂದು ಕೊಳ. ಕಾಠ್ಮಂಡುನಲ್ಲೇ ಬೇಕಾದಷ್ಟು ಬುದ್ಧ ಇದಾನೆ, ಅಮ್ಮನಿಗೆ ಅಲ್ಲಿ ತೋರ್ಸಿ. ಅಷ್ಟೊಂದು ದೊಡ್ಡ ದೊಡ್ಡ ಸ್ತೂಪಗಳಿವೆ."

ಅವರಿಗೆ ನೋಯಿಸುವ ಉದ್ದೇಶ ಇರಲಿಲ್ಲ. ನಿಜವಾಗಿ ಒಂದು ಪರಿಹಾರ ಕೊಡುತ್ತಿದ್ದೇನೆ ಎಂದುಕೊಂಡೇ ಹೇಳಿದರು. ನಾನು ಗೆಳತಿಯ ಮುಖ ನೋಡಿದೆ. ಬಾ ಎಂದು ಕರೆದವಳು ಅವಳು, ಲುಂಬಿನಿಯ ಹೆಸರು ಹೇಳಿದವಳು ಅವಳು. ಅವಳು ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು.

ಏಜೆಂಟನ ಹತ್ತಿರ ಮಾತಾಡಿದೆ. ಸೀಟುಗಳಿದ್ದವು. ಅದನ್ನು ತಿಳಿಸಿ, ನಮ್ಮಿಬ್ಬರಿಗೆ ಬೇಡ, ನಾವು ನಾಳೆ ಬೆಳಗಿನ ಬಸ್ಸಿಗೆ ಭೈರಹವಾಕ್ಕೆ ಹೋಗುತ್ತೇವೆ, ರೈಲಿಗೆ ಮುಂಚಿನ ದಿನದ ಟಿಕೆಟ್ ನಾನೇ ಮಾಡಿಸಿಕೊಳ್ಳುತ್ತೇನೆ ಎಂದೆ.

ಭಾವ ಗಾಬರಿಯಾದರು. "ಮುಕ್ತಿನಾಥದಲ್ಲಿ ಹಿಂದಿ ಮಾತಾಡೋರು ಯಾರು ಮೇಡಂ?"

ಯಾರೂ ನಗಲಿಲ್ಲ, ಅದು ತಮಾಷೆಯ ಮಾತೂ ಆಗಿರಲಿಲ್ಲ. ಅತ್ತೆ ಮಾತ್ರ, "ಅವರಿಗೂ ಅವರ ದೇವರು ನೋಡೋ ಆಸೆ ಇರತ್ತಲ್ಲ, ಹೋಗಿ ಬರ್ಲಿ ಬಿಡಪ್ಪ," ಎಂದರು. ಅವರ ದನಿಯಲ್ಲಿ ನಿರಾಳ ಇತ್ತು.

ಮಲಗುವ ಮುಂಚೆ ಗೆಳತಿ ನಮ್ಮ ರೂಮಿಗೆ ಬಂದಳು. ಅವ್ವ ಬಚ್ಚಲಲ್ಲಿದ್ದಳು.

"ಬೇಜಾರು ಮಾಡ್ಕೋಬೇಡ ಕಣೇ. ನಮ್ಮನೇಲಿ ನನ್ನ ಮಾತು ಎಷ್ಟು ನಡೆಯತ್ತೆ ಅಂತ ನಿನಗೆ ಗೊತ್ತಲ್ಲ."

"ಗೊತ್ತು. ಮಾತಾಡಿ ಅದು ನಡೀದೇ ಇದ್ದಿದ್ರೆ ನನಗೆ ಬೇಜಾರಿರ್ತಿರಲಿಲ್ಲ."

"ಜೀಪಿನ ವಿಷಯನಾ? ಅದು ಅತ್ತೆಯ ಪೂಜೆ ನೇಮದ್ದು. ನಿಮ್ಮ ಮೇಲೆ ಏನೂ ಇಲ್ಲ. ಯಾರಾಗಿದ್ರೂ..."

"ಅಡುಗೆಯವನು ಆ ಮೂಟೆ ಮೇಲೇ ಕಾಲಿಟ್ಕೊಂಡು ಕೂತಿದ್ದ. ಆಗ ನೇಮ ಕೆಡ್ಲಿಲ್ಲ. ನಾವು ಹತ್ತೋ ಮುಂಚೆ ಮೂಟೆ ಇಳಿಸಿದ್ರು."

ಅವಳು ಹಾಸಿಗೆಯ ಅಂಚಿನಲ್ಲಿ ಕೂತು ಅತ್ತಳು. ನಿಜವಾಗಿಯೇ ಅತ್ತಳು. ಸಮಾಧಾನ ಮಾಡಬೇಕಾದವಳು ನಾನು ಎಂಬ ಹಾಗೆ ನನ್ನ ಕೈ ಹಿಡಿದುಕೊಂಡಳು. ನನಗೆ ಆ ಹೊತ್ತಿನಲ್ಲಿ ಅವಳ ಮೇಲೆ ಬಂದ ಸಿಟ್ಟು ಅವಳ ಅತ್ತೆಯ ಮೇಲೆ ಬಂದಿರಲಿಲ್ಲ. ಅವ್ವ ಬಚ್ಚಲಿಂದ ಬರುವ ಸದ್ದಾದಾಗ ಕಣ್ಣೊರೆಸಿಕೊಂಡು, "ಅಮ್ಮ, ಹುಷಾರಾಗಿ ಹೋಗಿಬನ್ನಿ," ಎಂದು ಹೇಳಿ ಹೋದಳು.

ಬೆಳಗಿನ ಬಸ್ಸು ನಿಜಕ್ಕೂ ತುಂಬಿತ್ತು. ಡಿಕ್ಕಿಯಲ್ಲಿ ಆಡುಗಳೂ ಇದ್ದವು, ತಿರುವಿಗೊಮ್ಮೆ ಅವು ಅರಚುತ್ತಿದ್ದವು. ಅವ್ವನ ಕಾಲು ನೋಡಿ ಕಂಡಕ್ಟರು ಬಾಗಿಲ ಪಕ್ಕದ ಸೀಟು ಕೊಟ್ಟ. ಪಕ್ಕದಲ್ಲಿ ಮೂಗಿಗೆ ದೊಡ್ಡ ನತ್ತು ಹಾಕಿದ ಹೆಂಗಸೊಬ್ಬಳು ಕೂತಳು. ಸ್ವಲ್ಪ ಹೊತ್ತಿಗೆ ತೂಕಡಿಸಿ ಅವ್ವನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಅವ್ವ ಹೆಗಲು ಅಲ್ಲಾಡಿಸದೆ ಕೂತಿದ್ದಳು. ನಾನು ಕೈಸನ್ನೆ ಮಾಡಿ ಎಬ್ಬಿಸಲಾ ಎಂದೆ.

"ಮನಿಕಳ್ಲಿ ಬುಡು. ನಂಗೇನ್ ಭಾರ," ಎಂದಳು.

ಆ ಹೆಂಗಸು ಎದ್ದ ಮೇಲೆ ನಾಚಿಕೊಂಡು ಚೀಲದಿಂದ ಕಿತ್ತಳೆ ತೆಗೆದು ಸುಲಿದು ಅವ್ವನಿಗೆ ಕೊಟ್ಟಳು. ನನ್ನ ಹಿಂದಿ ಅವಳಿಗೆ ಅರ್ಥವಾಗುತ್ತಿತ್ತು. ಎಲ್ಲಿಂದ ಬಂದಿರಿ, ಮಕ್ಕಳೆಷ್ಟು ಎಂದೆಲ್ಲ ಕೇಳಿದಳು. ಆಮೇಲೆ ನಮ್ಮ ಮನೆತನದ ಹೆಸರು ಏನು ಎಂದಳು. ಅಲ್ಲಿ ಅದನ್ನು ಕೇಳಿದರೆ ಜಾತಿ ಕೇಳಿದ ಹಾಗೆ ಎಂದು ನನಗೆ ಆಮೇಲೆ ತಿಳಿಯಿತು. ನಮ್ಮ ಕಡೆ ಮನೆತನದ ಹೆಸರು ಇಟ್ಟುಕೊಳ್ಳುವುದಿಲ್ಲ, ಊರಿನ ಹೆಸರಷ್ಟೇ ಎಂದೆ. ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ.

"ಏನ್ ಕೇಳದ್ಲು?" ಎಂದಳು ಅವ್ವ.

"ಊರು ಯಾವುದು ಅಂದ್ಳು."

ಮಾರನೆಯ ದಿನ ಲುಂಬಿನಿಗೆ ಲೋಕಲ್ ಬಸ್ಸಿನಲ್ಲಿ ಹೋಗಿ, ಬ್ಯಾಟರಿ ರಿಕ್ಷಾ ಹಿಡಿದು ಒಳಗಿನ ಗೇಟಿನ ತನಕ ತಲುಪಿದೆವು. ಅಲ್ಲಿಂದ ನಡೆಯಬೇಕು. ಬಿಸಿಲು, ನೆರಳಿಲ್ಲದ ಉದ್ದನೆಯ ದಾರಿ. ಅವ್ವ ನನ್ನ ಹೆಗಲ ಮೇಲೆ ಭಾರ ಹಾಕಿ, ನಿಂತು ನಿಂತು ನಡೆದಳು. ಬಿಳಿಯ ಕಟ್ಟಡದೊಳಗೆ ಹಳೆಯ ಇಟ್ಟಿಗೆಯ ಪಾಯ, ಅದರ ಸುತ್ತ ಹಲಗೆಯ ದಾರಿ, ಜನ ಸಾಲಾಗಿ ಸರಿಯುತ್ತಿದ್ದರು. ಮಧ್ಯದಲ್ಲಿ ಗಾಜಿನ ಕೆಳಗೆ ಒಂದು ಕಲ್ಲು.

"ಇದೇಯಾ?"

"ಇದೇ ಅವ್ವ. ಇಲ್ಲೇ ಹುಟ್ಟಿದ್ದು ಅಂತಾರೆ."

ಅವಳು ಬಗ್ಗಿ ಮುಟ್ಟಲು ನೋಡಿದಳು. ಗಾಜು. ಕಾವಲಿನವನು ಮುಂದೆ ಹೋಗಿ ಎಂದು ಕೈ ಮಾಡಿದ. ಹೊರಗೆ ಬಂದು ಕೊಳದ ಪಕ್ಕದ ಮರದ ಕೆಳಗೆ ಕೂತೆವು. ಎಡಗಾಲಿನ ಮಂಡಿ ಊದಿಕೊಂಡಿತ್ತು. ಹೆತ್ತ ಮೇಲೆ ತಾಯಿ ಎಷ್ಟು ದಿನ ಬದುಕಿದ್ದಳು ಎಂದು ಕೇಳಿದಳು. ಒಂದು ವಾರವಂತೆ ಎಂದೆ. "ದಾರೀಲಿ ಎತ್ತೋಳ್ಗ ಬಾಣಂತನ ಯಾರ್ ಮಾಡಾರು," ಎಂದು ಕೊಳ ನೋಡುತ್ತಾ ಕೂತಳು.

ಆಗ ಕನ್ನಡ ಕೇಳಿಸಿತು. ನಮ್ಮ ಮೈಸೂರು ಕಡೆಯದೇ ಕನ್ನಡ. ಒಂದು ಗುಂಪು, ಹೆಂಗಸರೇ ಹೆಚ್ಚು. ನನ್ನ ಮಾತು ಕಿವಿಗೆ ಬಿದ್ದು ಒಬ್ಬಾಕೆ ಹತ್ತಿರ ಬಂದರು. ಕನ್ನಡದವರಾ, ಇಬ್ಬರೇ ಬಂದಿದ್ದೀರಾ ಎಂದು ಎಷ್ಟು ಸಂತೋಷಪಟ್ಟರು. ಅವ್ವನ ಮಂಡಿ ನೋಡಿ ತಮ್ಮ ಚೀಲದಿಂದ ಮುಲಾಮು ತೆಗೆದುಕೊಟ್ಟರು.

"ಇಂಥ ಕಾಲಿಟ್ಕೊಂಡು ಲೋಕಲ್ ಬಸ್ಸಲ್ಲಿ ಹೋಗ್ತೀರಾ? ನಮ್ಮ ಬಸ್ಸು ಗೋರಖ್‌ಪುರಕ್ಕೇ ಹೋಗ್ತಿದೆ. ಎಸಿ ಬಸ್ಸು, ಸೀಟು ಖಾಲಿ ಇದೆ. ಬನ್ನಿ ನಮ್ಮ ಜೊತೆ," ಎಂದರು.

ನನಗೆ ದೇವರೇ ಬಂದ ಹಾಗಾಯಿತು. ಬ್ಯಾಗು ಎತ್ತಿಕೊಂಡೆ.

"ಯಾವೂರಮ್ಮ ನಿಮ್ದು?" ಎಂದು ಆಕೆ ಅವ್ವನನ್ನು ಕೇಳಿದರು. ದನಿಯಲ್ಲಿ ಪ್ರೀತಿಯೇ ಇತ್ತು.

ಅವ್ವ ನನ್ನ ಮುಖ ನೋಡಿದಳು. ಆಮೇಲೆ, "ನಂಜನಗೂಡು," ಎಂದಳು.

ನಾನು ಹೇಳಿಕೊಡದ ಮಾತು ಅದು. ಅವಳಾಗಿಯೇ ಕಂಡುಕೊಂಡಿದ್ದಳು.

"ಓ, ನಂಜನಗೂಡಾ? ನಮ್ಮ ಬಸ್ಸಲ್ಲೂ ನಂಜನಗೂಡಿನೋರು ಇದಾರೆ. ಬನ್ನಿ, ಪರಿಚಯ ಮಾಡಿಸ್ತೀನಿ. ಯಾವ ಬೀದಿ?"

"ನೀವ್ ಓಗಿ ತಾಯಿ. ನಮ್ಗ ಇಲ್ಲಿ ಇನ್ನೂ ಕೆಲ್ಸ ಅದ. ಸಂಜ್ಗಂಟ ಕುಂತಿರ್ತೀವಿ," ಎಂದಳು ಅವ್ವ.

ಆಕೆ ಇನ್ನೆರಡು ಸಲ ಕರೆದರು. ಅವ್ವ ಏಳಲಿಲ್ಲ. ಮುಲಾಮಿನ ಡಬ್ಬಿಯನ್ನು ವಾಪಸು ಕೊಟ್ಟಳು. ಆಕೆ ಬಹಳ ಒಳ್ಳೆಯವರೇ ಇರಬಹುದು, ಸುಮ್ಮನೆ ಕೇಳಿರಬಹುದು. ಅದನ್ನು ಪರೀಕ್ಷೆ ಮಾಡಿ ನೋಡುವ ಶಕ್ತಿ ಅವ್ವನಿಗೆ ಉಳಿದಿರಲಿಲ್ಲ. ಆ ಗುಂಪು ಗೇಟಿನ ಕಡೆ ಮರೆಯಾಗುವ ತನಕ ಕೂತಿದ್ದು, ಆಮೇಲೆ ನನ್ನ ಕೈ ಹಿಡಿದು ಎದ್ದಳು. ಗಡಿಯ ತನಕ ಷೇರ್ ಆಟೋದಲ್ಲಿ, ಮಡಿಸಲಾಗದ ಕಾಲನ್ನು ಯಾರದೋ ಅಕ್ಕಿ ಚೀಲದ ಮೇಲೆ ಚಾಚಿಕೊಂಡು ಬಂದಳು. ಪ್ರತಿ ಗುಂಡಿಗೂ ಅವಳು ತುಟಿ ಕಚ್ಚುವುದು ಕಾಣುತ್ತಿತ್ತು. ನನಗೆ ಅವಳ ಮೇಲೂ ಸಿಟ್ಟು ಬಂತು, ಒಂದು ಸುಳ್ಳು ಹೇಳಿದವಳಿಗೆ ಇನ್ನೊಂದು ಹೇಳಲು ಏನಾಗಿತ್ತು ಎಂದು. ಅದು ಸಿಟ್ಟು ಮಾಡಿಕೊಳ್ಳುವ ಜಾಗವಲ್ಲ ಎಂದು ಗೊತ್ತಿದ್ದೂ ಬಂತು.

ರಜೆ ಮುಗಿದು ಸ್ಕೂಲು ಶುರುವಾದಾಗ ಗೆಳತಿ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಮುಕ್ತಿನಾಥದ ಪ್ರಸಾದ ಹಂಚಿದಳು. ನನಗೂ ಕೊಟ್ಟಳು, ತಗೊಂಡೆ. ಲುಂಬಿನಿ ಹೇಗಿತ್ತು ಎಂದು ಅವಳು ಕೇಳಲಿಲ್ಲ. ಈಗಲೂ ಮಾತಾಡುತ್ತೇವೆ. ಪಾಠದ ವಿಷಯ, ಪರೀಕ್ಷೆಯ ವಿಷಯ. ಮನೆಯ ವಿಷಯ ಬಂದರೆ ಇಬ್ಬರಿಗೂ ಏನೋ ಕೆಲಸ ನೆನಪಾಗುತ್ತದೆ.

ಅವ್ವನನ್ನು ಡಾಕ್ಟರಿಗೆ ತೋರಿಸಿ, ಸ್ವಲ್ಪ ಓಡಾಡುವ ಹಾಗಾದ ಮೇಲೆ ಊರಿಗೆ ಬಿಡಲು ಹೋದೆ. ಕೇರಿಯ ಹೆಂಗಸರೂ ಹೆಣ್ಣುಮಕ್ಕಳೂ ಜಗುಲಿ ತುಂಬ ಸೇರಿದರು. ಅವ್ವ ಗೋಡೆಗೊರಗಿ ಕಾಲು ನೀಡಿ ಕೂತು ಹೇಳುತ್ತಿದ್ದಳು. ಹಿಮದ ಬೆಟ್ಟ ಕೆಂಪಗಾದದ್ದು, ನತ್ತಿನ ಹೆಂಗಸಿನ ಕಿತ್ತಳೆ ಹಣ್ಣು, ಕೊಳದ ನೀರಿನಲ್ಲಿದ್ದ ಆಮೆ.

"ಇವಳ ಗೆಣಕಾತಿ ಮನೆಯೋರು ನನ್ನ ಎಷ್ಟ್ ಚೆಂದಾಗಿ ನೋಡ್ಕಂಡ್ರು ಗೊತ್ತಾ? ನಂಗೊಬ್ಳಿಗೇ ಒಂದ್ ಜೀಪ್ ಬುಟ್ಬುಟ್ರು ಕಣ್ರವ್ವಾ. ಅಷ್ಟ್ ದೊಡ್ಡ ಜೀಪು," ಎಂದಳು.

ನಾನು ಎದ್ದು ಒಳಗೆ ಹೋದೆ. ಎಲ್ಲರೂ ಹೋದ ಮೇಲೆ ಕೇಳಿದೆ.

"ಯಾಕವ್ವ ಹಂಗೆ ಹೇಳ್ದೆ?"

"ಸುಳ್ಳೇನ್ ಯೋಳ್ದಿ? ಬುಡ್ನಿಲ್ವಾ ಜೀಪ?"

ಅವಳು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು.

"ಮತ್ತೇನ್ ಯೋಳ್ಲಿ? ಅಷ್ಟ್ ದೂರ ಓದ್ರೂ ಅದೇಯ ಅಂತ ಯೋಳ್ಲಾ? ಈ ಎಣ್ಮಕ್ಳು ಇನ್ನ ಎಲ್ಲೆಲ್ಲೋ ಓಗ್ಬೇಕಾದವು. ಅದ ಕೇಳ್ಬುಟ್ರ ಮನೆ ಬುಟ್ಟು ಒಂಟಾವಾ?"

ಎಣ್ಣೆ ಬಟ್ಟಲನ್ನು ನನ್ನ ಕಡೆ ಸರಿಸಿ, ಹಿಂಬದಿಗೆ ಕೈ ಎಟುಕುವುದಿಲ್ಲ, ನೀನು ತಿಕ್ಕು ಎಂದಳು. ತಿಕ್ಕಿದೆ. ಊತ ಇನ್ನೂ ಪೂರ್ತಿ ಇಳಿದಿರಲಿಲ್ಲ.